ಜಲಾಂತರ್ಗಾಮಿಗಳ ಲೆಕ್ಕ: ಯೋಜಿಸಿದ್ದೆಷ್ಟು, ಯುದ್ಧಕ್ಕೆ ಹೊರಟದ್ದೆಷ್ಟು?

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಗಳ ಕುರಿತ ಬರಹಗಳಲ್ಲಿ, ‘ಇಪ್ಪತ್ತೊಂದನೇ ಮಾದರಿಯ ಜಲಾಂತರ್ಗಾಮಿ ಒಂದು ವರ್ಷ ಮೊದಲೇ ಬಂದಿದ್ದರೆ ಅಟ್ಲಾಂಟಿಕ್ ಸಮರದ ಗತಿಯೇ ಬೇರೆಯಾಗುತ್ತಿತ್ತು’ ಎಂಬ ಮಾತು ಪದೇ ಪದೇ ಕಾಣಿಸಿಕೊಳ್ಳುತ್ತದೆ. ನೀರಿನಡಿಯಲ್ಲೇ ಹೆಚ್ಚು ಹೊತ್ತು, ಹೆಚ್ಚು ವೇಗದಲ್ಲಿ ಸಾಗಬಲ್ಲ ಹೊಸ ಮಾದರಿ ಅದು. ಆ ವಿಳಂಬವನ್ನು ಹೊರಗಿನಿಂದ ಬಂದೆರಗಿದ ದುರದೃಷ್ಟವೆಂಬಂತೆ ಚಿತ್ರಿಸುವುದು ಸರಿಯಲ್ಲ. ಅದು ಬಹುಮಟ್ಟಿಗೆ ಹುಟ್ಟಿಕೊಂಡದ್ದು ನಿರ್ಮಾಣ ಯೋಜನೆಗಳ ಒಳಗೇ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ.

1939ರ ಜನವರಿಯಲ್ಲಿ ಹಿಟ್ಲರ್ ಒಪ್ಪಿದ ‘ಝಡ್ ಯೋಜನೆ’ ದೊಡ್ಡ ಯುದ್ಧನೌಕೆಗಳನ್ನು ನೆಚ್ಚಿಕೊಂಡಿತ್ತು. ಯುದ್ಧ ಇನ್ನೂ ಹಲವು ವರ್ಷ ದೂರವಿದೆ ಎಂಬ ಎಣಿಕೆ ಅದರದು. ಅದೇ ಸೆಪ್ಟೆಂಬರ್‌ನಲ್ಲಿ ಯುದ್ಧ ಆರಂಭವಾದಾಗ ನೌಕಾಪಡೆಯಲ್ಲಿದ್ದದ್ದು 57 ಜಲಾಂತರ್ಗಾಮಿಗಳು ಮಾತ್ರ. ಬ್ರಿಟನ್ನಿನ ವಿರುದ್ಧ 300 ಬೇಕೆಂದು ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಕಾರ್ಲ್ ಡೊನಿಟ್ಸ್ ವಾದಿಸುತ್ತಿದ್ದ. ಝಡ್ ಯೋಜನೆಯನ್ನು ಕೈಬಿಟ್ಟು, ತಿಂಗಳಿಗೆ 29 ಜಲಾಂತರ್ಗಾಮಿಗಳ ಗುರಿಯುಳ್ಳ ಹೊಸ ಕಾರ್ಯಕ್ರಮವನ್ನು ಅಕ್ಟೋಬರ್‌ನಲ್ಲಿ ರೂಪಿಸಲಾಯಿತು. ಆದರೆ ಉಕ್ಕು, ತಾಮ್ರ, ನುರಿತ ಕಾರ್ಮಿಕರು ಎಲ್ಲವೂ ಭೂಸೇನೆ ಮತ್ತು ವಾಯುಪಡೆಗಳಿಗೂ ಬೇಕಾಗಿದ್ದರಿಂದ ಗುರಿಯನ್ನು ಇಳಿಸಬೇಕಾಯಿತು. 1940ರ ಇಡೀ ವರ್ಷದಲ್ಲಿ ಸೇವೆಗೆ ಸೇರಿದವು ಸುಮಾರು 50. ಕಾಗದದ ಮೇಲಿನ ಲೆಕ್ಕಕ್ಕೆ ಹೋಲಿಸಿದರೆ ಇದು ಎರಡು ತಿಂಗಳ ಉತ್ಪಾದನೆಗೂ ಸಾಲದು.

1943ರ ಮೇ ತಿಂಗಳೊಂದರಲ್ಲೇ 41 ಜಲಾಂತರ್ಗಾಮಿಗಳು ನಾಶವಾದ ಮೇಲೆ ಹಳೆಯ ಮಾದರಿಗಳ ಕಾಲ ಮುಗಿಯಿತೆಂಬುದು ಸ್ಪಷ್ಟವಾಯಿತು. ಅವುಗಳ ಜಾಗಕ್ಕೆ ಇಪ್ಪತ್ತೊಂದನೇ ಮಾದರಿ ಬರಬೇಕಿತ್ತು. ಆ ಬೇಸಿಗೆಯಲ್ಲಿ ನೌಕಾ ನಿರ್ಮಾಣದ ಹೊಣೆ ಯುದ್ಧಸಾಮಗ್ರಿ ಸಚಿವ ಆಲ್ಬರ್ಟ್ ಶ್ಪೇರ್‌ನ ಸಚಿವಾಲಯಕ್ಕೆ ಹೋಯಿತು. ಹಡಗುಗಳ ಅನುಭವವೇ ಇಲ್ಲದ, ಅಗ್ನಿಶಾಮಕ ವಾಹನಗಳ ತಯಾರಿಕೆಯಿಂದ ಬಂದ ಓಟ್ಟೋ ಮೆರ್ಕರ್ ಈ ಕೆಲಸದ ಮೇಲ್ವಿಚಾರಣೆ ವಹಿಸಿಕೊಂಡ. ಜಲಾಂತರ್ಗಾಮಿಯ ಒಡಲನ್ನು ಎಂಟು ಭಾಗಗಳಾಗಿ ವಿಂಗಡಿಸಿ, ಒಳನಾಡಿನ ಉಕ್ಕಿನ ಕಾರ್ಖಾನೆಗಳಲ್ಲಿ ಚೌಕಟ್ಟು ಕಟ್ಟಿಸಿ, ಬೇರೆ ಶಿಪ್‌ಯಾರ್ಡ್‌ಗಳಲ್ಲಿ ಯಂತ್ರ ಜೋಡಿಸಿ, ಕೊನೆಗೆ ಹ್ಯಾಂಬರ್ಗ್, ಬ್ರೆಮೆನ್ ಮತ್ತು ಡಾನ್ಸಿಗ್‌ಗಳಲ್ಲಿ ಬೆಸೆಯುವುದು ಅವನ ಪದ್ಧತಿ. ಆಲೋಚನೆ ಅದ್ಭುತವಾದದ್ದೇ. ಆದರೆ ಒಂದೇ ಒಂದು ಪರೀಕ್ಷಾ ಮಾದರಿಯನ್ನೂ ಕಟ್ಟಿ ನೋಡದೆ, ನಕಾಶೆಯಿಂದ ನೇರವಾಗಿ ಸಾಮೂಹಿಕ ಉತ್ಪಾದನೆಗೆ ಇಳಿದದ್ದು ದುಬಾರಿಯಾಯಿತು. ಬೇರೆ ಬೇರೆ ಕಡೆಗಳಿಂದ ಬಂದ ಭಾಗಗಳ ಅಂಚುಗಳು ಬೆಸುಗೆಯ ಹೊತ್ತಿಗೆ ಒಂದಕ್ಕೊಂದು ಕೂಡುತ್ತಿರಲಿಲ್ಲ. ಉಳಿಸಬೇಕೆಂದಿದ್ದ ಸಮಯ ತಿದ್ದುಪಡಿಯಲ್ಲೇ ಕಳೆದುಹೋಗುತ್ತಿತ್ತು.

ಇದಕ್ಕೆ ಡಾನ್ಸಿಗ್‌ನಲ್ಲಿ ಕಟ್ಟಿದ, ಇದೇ ಮಾದರಿಯ ಯು-3501 ಎಂಬ ಜಲಾಂತರ್ಗಾಮಿ ಸಾಕ್ಷಿ. ಹಿಟ್ಲರನ ಹುಟ್ಟುಹಬ್ಬದ ಹಿಂದಿನ ದಿನ, 1944ರ ಏಪ್ರಿಲ್ 19ರಂದು, ಅದನ್ನು ನೀರಿಗಿಳಿಸಲಾಯಿತು. ಕೆಲಸ ಮುಗಿಯದೆ ತೆರೆದೇ ಇದ್ದ ಕಿಂಡಿಗಳಿಗೆ ಮರದ ಬಿರಡೆ ಜಡಿದು ತೇಲಿಸಿ, ಕೂಡಲೇ ಮತ್ತೆ ಡಾಕ್‌ಗೆ ಎಳೆದುಕೊಂಡು ಹೋದರು. ಸೇವೆಗೆ ಸೇರಲು ಅದಕ್ಕೆ ಜುಲೈ ಕೊನೆಯವರೆಗೂ ಕಾಯಬೇಕಾಯಿತು. ದಿನಾಂಕದ ಗುರಿ ಮುಟ್ಟಿತು, ಜಲಾಂತರ್ಗಾಮಿ ಮಾತ್ರ ಸಿದ್ಧವಾಗಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಈ ಮಾದರಿಯ 118 ಜಲಾಂತರ್ಗಾಮಿಗಳು ಸೇವೆಗೆ ಸೇರಿದ್ದವು. ಯುದ್ಧದ ಗಸ್ತಿಗೆ ಹೊರಟದ್ದು ಎರಡು. ಮಿತ್ರರಾಷ್ಟ್ರಗಳ ಬಾಂಬ್ ದಾಳಿಯೂ ಬಾಲ್ಟಿಕ್ ಸಮುದ್ರದ ಮೈನುಗಳೂ ಇದಕ್ಕೆ ಕಾರಣವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಅಂಥ ಹೊಡೆತವನ್ನು ತಾಳಿಕೊಳ್ಳುವಷ್ಟು ಬಿಡುವನ್ನು ಯೋಜನೆ ತನ್ನೊಳಗೆ ಇಟ್ಟುಕೊಂಡಿರಲೇ ಇಲ್ಲ.

ಅನನುಭವವೇ ಮುಖ್ಯ ಕಾರಣ ಎನ್ನುವವರು ಅಮೆರಿಕದ ಮ್ಯಾನಿಟೊವಾಕ್ ಅನ್ನು ನೋಡಬೇಕು. ಮಿಷಿಗನ್ ಸರೋವರದ ದಂಡೆಯ ಆ ಶಿಪ್‌ಯಾರ್ಡ್ ಅದುವರೆಗೆ ಒಂದೂ ಜಲಾಂತರ್ಗಾಮಿಯನ್ನು ಕಟ್ಟಿರಲಿಲ್ಲ. ಜಲಾಂತರ್ಗಾಮಿ ನಿರ್ಮಾಣದಲ್ಲಿ ನುರಿತ ಎಲೆಕ್ಟ್ರಿಕ್ ಬೋಟ್ ಕಂಪನಿಯ ಪಳಗಿದ ನಕಾಶೆಗಳನ್ನು ಅನುಸರಿಸಿ ಅದು 28 ಜಲಾಂತರ್ಗಾಮಿಗಳನ್ನು ಕಟ್ಟಿತು. ಅವು ತೇಲುವ ಡಾಕ್‌ನ ಮೇಲೆ ಕೂತು ಮಿಸಿಸಿಪ್ಪಿ ನದಿಯ ಮೂಲಕ ಸಮುದ್ರ ಸೇರಿದವು. ಅಲ್ಲಿ ಮೊದಲು ಕಟ್ಟಿದ ಗಾಟೊ ವರ್ಗದ ಜಲಾಂತರ್ಗಾಮಿಗಳಿಂದ ಅನಂತರದ ಬಲಾವೊ ವರ್ಗಕ್ಕೆ ಆದ ಮುಖ್ಯ ಬದಲಾವಣೆಯೆಂದರೆ ಇನ್ನಷ್ಟು ಆಳಕ್ಕೆ ಇಳಿಯಬಲ್ಲ ಗಟ್ಟಿ ಒಡಲು. ಉಳಿದಂತೆ ಕೈಗೆ ಕುದುರಿದ ಕೆಲಸವನ್ನು ಯಾರೂ ಕದಲಿಸಲಿಲ್ಲ.

ಇಂಥ ಬರಹಗಳಲ್ಲಿ ನನಗೆ ಅತ್ಯಂತ ನೋವು ತರುವುದು ಬ್ರೆಮೆನ್ ಬಳಿಯ ಫಾರ್ಗೆಯ ಹೆಸರೇ ಇಲ್ಲದಿರುವುದು. ಜರ್ಮನಿಯ ಇಪ್ಪತ್ತೊಂದನೇ ಮಾದರಿಯ ಜೋಡಣೆಗೆಂದು ಅಲ್ಲಿ ‘ವ್ಯಾಲೆಂಟಿನ್’ ಎಂಬ ಬೃಹತ್ ಕಾಂಕ್ರೀಟ್ ಬಂಕರ್ ಕಟ್ಟಲು 1943ರಿಂದ ಸಾವಿರಾರು ಬಲವಂತದ ಕಾರ್ಮಿಕರನ್ನೂ ಸೆರೆಶಿಬಿರದ ಕೈದಿಗಳನ್ನೂ ದುಡಿಸಲಾಯಿತು. ಹಸಿವು, ರೋಗ, ಹೊಡೆತಗಳಿಂದ ಸಾವಿರಕ್ಕೂ ಹೆಚ್ಚು ಜನ ಸತ್ತರು. 1945ರ ಮಾರ್ಚ್‌ನಲ್ಲಿ ಬ್ರಿಟಿಷ್ ಬಾಂಬುಗಳು ಅದರ ಚಾವಣಿಯನ್ನು ಭೇದಿಸಿದವು. ಅಲ್ಲಿಂದ ಒಂದೂ ಜಲಾಂತರ್ಗಾಮಿ ಹೊರಬರಲಿಲ್ಲ.

ಮುಂದೆ ಈ ವಿಷಯದ ಲೇಖನಗಳನ್ನು ಪ್ರಕಟಿಸುವಾಗ ಯೋಜಿಸಿದ್ದು, ನೀರಿಗಿಳಿಸಿದ್ದು, ಯುದ್ಧಕ್ಕೆ ಹೊರಟದ್ದು ಎಂಬ ಮೂರು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೀಡಬೇಕೆಂದೂ, ಕಟ್ಟಿದವರು ಯಾರು ಎಂಬುದನ್ನು ಬಿಡದೆ ತಿಳಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ