ತಪ್ಪೊಪ್ಪಿಗೆ ತಿಳಿದು ಕೊಟ್ಟದ್ದೇ ಎಂದು ಕೇಳಬೇಕು

ಮಾನ್ಯ ಸಂಪಾದಕರೇ,

ಲೋಕ ಅದಾಲತ್ ಹತ್ತಿರ ಬಂದಾಗ ತಾಲ್ಲೂಕು ನ್ಯಾಯಾಲಯಗಳಲ್ಲಿ ಸಣ್ಣಪುಟ್ಟ ಕ್ರಿಮಿನಲ್ ಪ್ರಕರಣಗಳ ಆರೋಪಿಗಳು ಸಾಲಾಗಿ ನಿಂತು, ತಪ್ಪೊಪ್ಪಿಕೊಂಡು, ದಂಡ ಕಟ್ಟಿ ಹೋಗುವುದನ್ನು ವಕೀಲನಾಗಿ ನೋಡುತ್ತಲೇ ಬಂದಿದ್ದೇನೆ. ಇಸ್ಪೀಟು ಜೂಜು, ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನ, ಅಜಾಗರೂಕ ಚಾಲನೆಯಂಥ ಪ್ರಕರಣಗಳಲ್ಲಿ ‘ದಂಡ ಕಟ್ಟಿ ಕೇಸು ಮುಗಿಸಿಕೋ’ ಎಂಬ ಸಲಹೆ ಪೊಲೀಸರಿಂದಲೋ, ಪರಿಚಯದವರಿಂದಲೋ, ಕೆಲವೊಮ್ಮೆ ಸ್ವಂತ ವಕೀಲರಿಂದಲೋ ಬರುತ್ತದೆ. ಕೂಲಿ ಬಿಟ್ಟು ಪ್ರತಿ ವಾಯಿದೆಗೂ ಅಲೆಯುವವನಿಗೆ ಈ ಮಾತು ಬಿಡುಗಡೆಯ ಹಾಗೆ ಕೇಳಿಸುತ್ತದೆ. ತಾನು ಕಟ್ಟಿದ್ದು ಬಸ್ಸಿನಲ್ಲಿ ಟಿಕೆಟ್ ಇಲ್ಲದ್ದಕ್ಕೆ ಕಟ್ಟುವ ದಂಡದಂಥದ್ದು ಎಂದೇ ಅವನು ಭಾವಿಸುತ್ತಾನೆ. ತನ್ನ ಹೆಸರಿನಲ್ಲಿ ಅಪರಾಧ ನಿರ್ಣಯದ ದಾಖಲೆಯೊಂದು ಉಳಿಯಿತೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಮುಂದೆ ಸರ್ಕಾರಿ ನೌಕರಿಗೆ ಆಯ್ಕೆಯಾದಾಗ ಆ ದಾಖಲೆ ಎದುರಾಗುತ್ತದೆ. ಪರಿಶೀಲನಾ ನಮೂನೆಯಲ್ಲಿ ಶಿಕ್ಷೆಯ ವಿವರವನ್ನು ಮುಚ್ಚಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಸ್ಪಷ್ಟಪಡಿಸಿದೆ. ಮೇಲ್ಮನವಿಯ ದಾರಿಯೂ ಬಹುಮಟ್ಟಿಗೆ ಮುಚ್ಚಿರುತ್ತದೆ: ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ ಪ್ರಕಾರ, ತಪ್ಪೊಪ್ಪಿಕೊಂಡವನು ಶಿಕ್ಷೆಯ ಪ್ರಮಾಣವನ್ನೋ ಕಾನೂನುಬದ್ಧತೆಯನ್ನೋ ಮಾತ್ರ ಪ್ರಶ್ನಿಸಬಹುದು.

ಕಾನೂನಿನಲ್ಲಿ ಎಚ್ಚರಿಕೆ ಇಲ್ಲವೆಂದಲ್ಲ. ಸಮನ್ಸ್ ಪ್ರಕರಣಗಳಲ್ಲಿ, ಅಂದರೆ ಹೆಚ್ಚೆಂದರೆ ಎರಡು ವರ್ಷಗಳ ಸಜೆಯಾಗಬಹುದಾದ ಸಣ್ಣ ಪ್ರಕರಣಗಳಲ್ಲಿ, ತಪ್ಪೊಪ್ಪಿಗೆಯನ್ನು ಸಾಧ್ಯವಾದಷ್ಟು ಆರೋಪಿಯ ಮಾತುಗಳಲ್ಲೇ ದಾಖಲಿಸಬೇಕೆಂದು ಅದೇ ಸಂಹಿತೆಯ 275ನೇ ಕಲಂ ಹೇಳುತ್ತದೆ; ಆ ಮೇಲೂ ಅಪರಾಧಿಯೆಂದು ತೀರ್ಮಾನಿಸುವುದು, ಬಿಡುವುದು ಮ್ಯಾಜಿಸ್ಟ್ರೇಟರ ವಿವೇಚನೆಗೆ ಸೇರಿದ್ದು. ನಾನು ನೋಡಿದ ಎಷ್ಟೋ ಆರ್ಡರ್ ಶೀಟುಗಳಲ್ಲಿ (ನ್ಯಾಯಾಲಯದ ದಿನದಿನದ ಆದೇಶಗಳ ದಾಖಲೆಯಲ್ಲಿ) ಮಾತ್ರ ‘ಆರೋಪವನ್ನು ಓದಿ ಹೇಳಲಾಯಿತು, ಒಪ್ಪಿಕೊಂಡಿದ್ದಾನೆ’ ಎಂಬ ಒಂದೇ ಸಾಲು ಇರುತ್ತದೆ. ಒಡಿಯಾ ಅಥವಾ ಬಂಗಾಳಿ ಮಾತ್ರ ಬಲ್ಲ ಕಟ್ಟಡ ಕಾರ್ಮಿಕನಿಗೆ ಯಾವ ಭಾಷೆಯಲ್ಲಿ ಓದಿ ಹೇಳಲಾಯಿತು ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ.

2006ರಲ್ಲಿ ಜಾರಿಗೆ ಬಂದ ತಪ್ಪೊಪ್ಪಿಗೆ ಚೌಕಾಶಿಯ (ಪ್ಲೀ ಬಾರ್ಗೇನಿಂಗ್: ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಒಪ್ಪಂದ ಮಾಡಿಕೊಳ್ಳುವ) ವಿಧಾನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಆರೋಪಿಯು ಶಿಕ್ಷೆಯ ಸ್ವರೂಪವನ್ನು ಅರಿತು ಸ್ವಇಚ್ಛೆಯಿಂದ ಅರ್ಜಿ ಹಾಕಿದ್ದೇನೆಂದು ಪ್ರಮಾಣಪತ್ರ ಸಲ್ಲಿಸಬೇಕು. ನ್ಯಾಯಾಧೀಶರು ಎದುರು ಪಕ್ಷದವರಿಲ್ಲದೆ ಅವನೊಬ್ಬನನ್ನೇ ಗೋಪ್ಯವಾಗಿ ವಿಚಾರಿಸಬೇಕು. ಅಪರೂಪಕ್ಕೆ ಬಳಕೆಯಾಗುವ ಆ ದಾರಿಗೆ ಇಷ್ಟು ಕಾವಲಿದ್ದು, ಬಡವರೇ ಹೆಚ್ಚಾಗಿ ನಡೆಯುವ ದಾರಿಗೆ ಅದು ಇಲ್ಲದಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಜೈಲಿನಲ್ಲಿರುವವರ ಸ್ಥಿತಿ ಇನ್ನೂ ಕಷ್ಟದ್ದು. ಜಾಮೀನು ಮಂಜೂರಾದರೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವನು, ತಪ್ಪೊಪ್ಪಿಕೊಂಡರೆ ಈಗಾಗಲೇ ಕಳೆದ ದಿನಗಳನ್ನೇ ಶಿಕ್ಷೆಗೆ ವಜಾ ಹಾಕಿ ಇವತ್ತೇ ಬಿಡುತ್ತಾರೆ ಎಂದು ತಿಳಿದಾಗ, ತಪ್ಪು ಮಾಡಿರದಿದ್ದರೂ ಒಪ್ಪಿಕೊಂಡಾನು. ಅದನ್ನು ಸ್ವಇಚ್ಛೆ ಎನ್ನಲಾಗದು. ಕರ್ನಾಟಕದ್ದೇ ಆದ ತಿಪ್ಪಸ್ವಾಮಿ ಪ್ರಕರಣದಲ್ಲಿ, ಹಗುರವಾದ ಶಿಕ್ಷೆಯ ಭರವಸೆ ಕೊಟ್ಟು ತಪ್ಪೊಪ್ಪಿಸಿ, ಬಳಿಕ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ರಕ್ಷಿಸುವ ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಹೇಳಿ ನಾಲ್ಕು ದಶಕಗಳು ಕಳೆದಿವೆ.

ನಿಜವಾಗಿ ತಪ್ಪು ಮಾಡಿದವನು ಒಪ್ಪಿಕೊಂಡು ಹಗುರಾಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಬಾಕಿ ಪ್ರಕರಣಗಳ ಹೊರೆಯನ್ನೂ ಬಲ್ಲೆ. ಆದರೆ ವಕೀಲರಿಲ್ಲದ ಆರೋಪಿಯ ತಪ್ಪೊಪ್ಪಿಗೆಯನ್ನು ಸ್ವೀಕರಿಸುವ ಮೊದಲು ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ಅವನೊಡನೆ ಮಾತನಾಡಲೇಬೇಕು. ಬಂಧನದಲ್ಲಿರುವ ಪ್ರತಿಯೊಬ್ಬರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿನ ಹಕ್ಕು ಇದ್ದೇ ಇದೆ. ಅಪರಾಧಿಯನ್ನು ಜೈಲಿಗೆ ಕಳುಹಿಸದೆ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಪಡೆದೋ ಬಿಡಲು ಅವಕಾಶವಿರುವ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ ಅನುಕೂಲವನ್ನೂ ಆಗಲೇ ತಿಳಿಸಬೇಕು, ಏಕೆಂದರೆ ಅದರಡಿ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ಮ್ಯಾಜಿಸ್ಟ್ರೇಟರು ಕೇಳಬೇಕಾದ ಪ್ರಶ್ನೆಗಳನ್ನೂ ಆರೋಪಿ ಕೊಟ್ಟ ಉತ್ತರಗಳನ್ನೂ ಬರೆದುಕೊಳ್ಳುವ ಒಂದು ಪುಟದ ನಮೂನೆಯನ್ನು ಉಚ್ಚ ನ್ಯಾಯಾಲಯವು ಮುಂದಿನ ಲೋಕ ಅದಾಲತ್‌ಗೆ ಮುನ್ನವೇ ಎಲ್ಲ ಅಧೀನ ನ್ಯಾಯಾಲಯಗಳಿಗೆ ಕಳುಹಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಕೀಲ, ದಾವಣಗೆರೆ