ಅಮ್ಮ ಕೈ ಬಿಟ್ಟು ನಡೆದ್ರು, ನಿಮ್ಗೆಲ್ಲ ತುಂಬಾ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಹೋದ ಶುಕ್ರವಾರ ನಮ್ಮಮ್ಮ ತುಳಸಿಕಟ್ಟೆ ಸುತ್ತ ಪ್ರದಕ್ಷಿಣೆ ಹಾಕಿದ್ರು, ಯಾರ ಕೈನೂ ಹಿಡೀದೆ. ಸ್ಟ್ರೋಕ್ ಆದೋರಿಗೆ ನೇರ ನಡೆಯೋದಕ್ಕಿಂತ ತಿರುಗ್ತಾ ನಡೆಯೋದು ಕಷ್ಟ, ಅದ್ಕೇ ಈ ಖುಷಿ ನಮ್ಮನೇಲೇ ಇಟ್ಕೊಳ್ಳೋಕೆ ಆಗ್ತಿಲ್ಲ.

ಮೊದಲು ನಮ್ಮ ಫಿಸಿಯೋ ಮೇಡಂಗೆ. ಮೇಡಂ, ನೀವು ಬರೋಕೆ ಶುರು ಮಾಡ್ದಾಗ ಅಮ್ಮಂಗೆ ಎಡಗಡೆ ಸ್ವಾಧೀನ ಇರ್ಲಿಲ್ಲ, ಅದಕ್ಕಿಂತ ನಮ್ಗೆ ಭಯ ಆಗ್ತಿದ್ದಿದ್ದು ಅವ್ರು ಕೂತಲ್ಲೇ ಎಡಕ್ಕೆ ವಾಲೋದು ನೋಡಿ, ನೆಟ್ಟಗೆ ಕೂರ್ಸೋಕೆ ಹೋದ್ರೆ ಚೆನ್ನಾಗಿರೋ ಬಲಗೈಯಿಂದ ಹಾಸಿಗೆ ಒತ್ತಿ ಇನ್ನೂ ಎಡಕ್ಕೇ ತಳ್ಕೊಳ್ಳೋರು. ನೋಡೋಕೆ ಬಂದೋರು ಹಠ ಅಂದ್ರು. ನೀವೊಬ್ರೇ ಹೇಳಿದ್ದು, ಹಠ ಅಲ್ಲ, ಮೈ ನೆಟ್ಟಗಿದೆಯಾ ಇಲ್ವಾ ಅನ್ನೋ ಅಂದಾಜೇ ಮೆದುಳಲ್ಲಿ ತಪ್ಪಿದೆ, ಕಣ್ಣು ಮಾತ್ರ ಸರಿಯಾಗಿ ನೋಡ್ತಿದೆ, ಕಣ್ಣಿಂದ್ಲೇ ಕಲಿಸ್ಬೇಕು ಅಂತ. ಬಾಗಿಲ ಚೌಕಟ್ಟಿನ ಎದುರು ಕೂರ್ಸಿ "ಅಮ್ಮಾ, ಆ ಚೌಕಟ್ಟು ನೆಟ್ಟಗಿದೆ ಅಲ್ವಾ, ನೀವೂ ಹಾಗೇ ಇದೀರಾ ನೋಡ್ಕೊಳ್ಳಿ" ಅಂತ ಕೇಳೋರು, ಎಳೀತಾ ಇರ್ಲಿಲ್ಲ, ಬಲಗಡೆ ಸ್ವಲ್ಪ ದೂರ ಲೋಟ ಇಟ್ಟು ತಗೊಳ್ಳಿ ಅನ್ನೋರು. ಅಮ್ಮ ತಾವಾಗೇ ಬಲಕ್ಕೆ ಬಾಗಿದ ಆ ಮಧ್ಯಾಹ್ನ ಅಪ್ಪ ಅತ್ತಿದ್ದು ನೀವೂ ನೋಡಿದೀರಾ.

ಆಮೇಲೆ ಕುರ್ಚಿಯಿಂದ ಏಳೋದು. ದಿಂಬು ಹಾಕಿ ಎತ್ತರ ಮಾಡಿ ಶುರು ಮಾಡಿದ್ರಿ, ಎಡಪಾದ ಸ್ವಲ್ಪ ಹಿಂದಕ್ಕೆ ಇಡಿಸೋರು, ಯಾಕಂದ್ರೆ ಆಗ ಏಳುವಾಗ ಆ ಕಾಲೇ ಜಾಸ್ತಿ ಭಾರ ಹೊರ್ಬೇಕಾಗುತ್ತೆ. ಆಮೇಲೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ಬಲಗಾಲನ್ನ ಊಟದ ಮಣೆ ಮೇಲೆ ಇಟ್ಟು ತೆಗೆಯೋದು. ನೋಡೋರಿಗೆ ಬಲಗಾಲಿನ ವ್ಯಾಯಾಮ, ನಿಜವಾಗ್ಲೂ ಅಷ್ಟು ಹೊತ್ತು ಮೈ ಹೊತ್ಕೊಂಡು ನಿಲ್ಲೋದು ಎಡಗಾಲು. ಹಿಂದೆ ಕುರ್ಚಿ, ಎಡಪಕ್ಕಕ್ಕೆ ನಾನು. ಸೊಂಟದ ಬೆಲ್ಟ್ ಹಿಡೀರಿ, ಸ್ವಾಧೀನ ಇಲ್ಲದ ಕೈ ಹಿಡಿದು ಎಳೀಬೇಡಿ, ಭುಜದ ಕೀಲು ಜಾರುತ್ತೆ ಅಂತ ನೀವು ಹೇಳಿದ್ದನ್ನ ಇಂಥ ಕಷ್ಟ ಇರೋ ಪ್ರತಿ ಮನೆಯೋರೂ ಕೇಳ್ಬೇಕು. ಕೊನೆಕೊನೆಗೆ ಸ್ಪಂಜಿನ ಮೇಲೆ ನಿಲ್ಲೋದು, ತರಕಾರಿ ಹೆಸ್ರು ಹೇಳ್ತಾ ನಡೆಯೋದು. ಬ್ಯಾಲೆನ್ಸ್ ಎಷ್ಟಿದೆ ಅಂತ ನೋಡೋ ಬರ್ಗ್ ಟೆಸ್ಟಲ್ಲಿ 14 ಕೆಲಸ ಮಾಡ್ಸಿ 56ಕ್ಕೆ ಮಾರ್ಕ್ಸ್ ಕೊಡ್ತಾರೆ, 11 ಇದ್ದ ಅಮ್ಮಂದು ಈಗ 46!

(ಇದೆಲ್ಲ ಅಮ್ಮನ್ನ ನೋಡಿ ಮೇಡಂ ಹೇಳಿದ್ದು, ನಿಮ್ಮ ಮನೆಯೋರಿಗೆ ಏನು ಬೇಕು ಅಂತ ನಿಮ್ಮ ಫಿಸಿಯೋನೇ ನೋಡಿ ಹೇಳ್ಬೇಕು.)

ಚಿಕ್ಕಮ್ಮ, ನಾನು ಕೆಲಸಕ್ಕೆ ಹೋದಾಗೆಲ್ಲ ಬಂದು ಮಣೆ ಹಾಕಿ ನಿಲ್ಸಿದ್ದು ನೀವು. ಪಕ್ಕದ್ಮನೆ ಅಂಕಲ್, ಬಚ್ಚಲುಮನೆ ಗೋಡೆಗೆ ಸ್ಟೀಲ್ ಹಿಡಿಕೆ ಹಾಕ್ಸಿ ದುಡ್ಡೂ ತಗೊಳ್ಳಿಲ್ಲ ನೀವು. ಆಟೋ ಅಣ್ಣ, ಅವಸರ ಮಾಡ್ದೆ ಅಮ್ಮ ತಾವೇ ಇಳಿಯೋವರೆಗೂ ಕಾದ್ರಿ, ಮರೆಯಲ್ಲ.

ಅಮ್ಮಂಗೆ ಈಗ ಸಿಟಿ ಬಸ್ ಹತ್ಬೇಕಂತೆ. ಮೇಡಂ, ಎತ್ತರದ ಮೆಟ್ಲು ಪ್ರಾಕ್ಟೀಸಿಗೆ ಸೋಮವಾರ ಸ್ಟೂಲ್ ತರ್ತೀನಿ ಅಂದಿದ್ರಲ್ಲ, ಅಮ್ಮ ಈಗ್ಲೇ ಕೇಳೋಕೆ ಶುರು ಮಾಡಿದಾರೆ.