ಗಿಂಬಲ್ ತಂದರೂ ಚಿತ್ರ ಕುಣಿಯುತ್ತದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕಿರುಚಿತ್ರ ಮಾಡುವ ಹುಡುಗರಿಗೆ ಅಂತ ಬಂದ ಬರಹ ಓದಿದೆ. ಗಿಂಬಲ್ (ಕ್ಯಾಮೆರಾ ವಾಲದ ಹಾಗೆ ಹಿಡಿಯುವ ಮೋಟರ್ ಇರುವ ಹಿಡಿಕೆ) ಒಂದಿದ್ದರೆ ಸಾಕು, ನಡೆಯುತ್ತಾ ತೆಗೆದ ಶಾಟ್ ನೀರು ಹರಿದ ಹಾಗೆ ಬರುತ್ತದೆ ಅಂತ ಅದರಲ್ಲಿತ್ತು. ಬರೆದವರು ಬಹುಶಃ ಟಾರು ರಸ್ತೆ ಮೇಲೆ ನಡೆದು ನೋಡಿರಬೇಕು. ತೀರ್ಥಹಳ್ಳಿ ಕಡೆ ಅಡಿಕೆ ತೋಟದಲ್ಲಿ ನಾಲ್ಕು ಹೆಜ್ಜೆ ಹಾಕಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ನಾನು ಹೊಟ್ಟೆಪಾಡಿಗೆ ಮದುವೆ ವಿಡಿಯೊ ಮಾಡುವವನು. ಸೀಸನ್ ಮುಗಿದ ಮೇಲೆ ಗೆಳೆಯರು ಸೇರಿ ಕಿರುಚಿತ್ರ ಅಂತ ಏನಾದರೂ ಮಾಡುತ್ತೇವೆ. ನಮ್ಮಲ್ಲಿ ಸೀಸನ್ ಮುಗಿಯುವುದು ಅಂದರೆ ಮಳೆ ಶುರುವಾಗುವುದು, ಅದು ಬೇರೆ ಕಥೆ. ಎರಡು ವರ್ಷದ ಹಿಂದೆ ಒಂದು ಚಿತ್ರದಲ್ಲಿ ಅಜ್ಜಿಯೊಬ್ಬರು ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ತೋಟಕ್ಕೆ ಹೋಗುವ ಶಾಟ್ ಇತ್ತು. ಕ್ಯಾಮೆರಾ ಅವರ ಬೆನ್ನ ಹಿಂದೆಯೇ ಹೋಗಬೇಕು. ಗಿಂಬಲ್ ಬಾಡಿಗೆಗೆ ತಂದೆವು. ಆರು ಸಲ ತೆಗೆದೆವು. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡಿದರೆ ಚಿತ್ರ ಎಲ್ಲೂ ವಾಲಿಲ್ಲ, ಅಷ್ಟರ ಮಟ್ಟಿಗೆ ಸರಿ, ಆದರೆ ಹೆಜ್ಜೆ ಹೆಜ್ಜೆಗೂ ಅಜ್ಜಿ, ಅಡಿಕೆ ಮರ, ಸಂಕ ಎಲ್ಲ ಒಟ್ಟಿಗೆ ಮೇಲೆ ಕೆಳಗೆ ಕುಣಿಯುತ್ತಿವೆ. ಅಜ್ಜಿಗೆ ತೋರಿಸಿದಾಗ, 'ನಾನೇನು ಹಿಂಗೆ ಕುಣ್ಕಂಡು ಹೋಗ್ತೀನನಾ ಮಾರಾಯ?' ಅಂತ ಕೇಳಿದರು.

ತಪ್ಪು ಗಿಂಬಲ್‌ದಲ್ಲ. ಅದರಲ್ಲಿ ಮೂರು ಮೋಟರ್ ಇರುತ್ತವೆ. ಒಂದು ಮೋಟರ್, ಕ್ಯಾಮೆರಾ ಎಡಕ್ಕೆ ಬಲಕ್ಕೆ ತಿರುಗದ ಹಾಗೆ ನೋಡಿಕೊಳ್ಳುತ್ತದೆ. ಇನ್ನೊಂದು ಅದರ ಮೂತಿ ಮೇಲೆ ಕೆಳಗೆ ಆಗದ ಹಾಗೆ, ಮತ್ತೊಂದು ಪಕ್ಕಕ್ಕೆ ವಾಲದ ಹಾಗೆ. ಮೂರೂ ತಡೆಯುವುದು ತಿರುಗುವುದನ್ನು, ಅಷ್ಟೇ. ಕಾಲೂರಿದಾಗ ನಮ್ಮ ಇಡೀ ಮೈ ಏರಿ ಇಳಿಯುತ್ತದಲ್ಲ, ಅದಕ್ಕೆ ಆ ಮೋಟರುಗಳ ಹತ್ತಿರ ಮದ್ದಿಲ್ಲ. ಗ್ಯಾರೆಟ್ ಬ್ರೌನ್ ಅನ್ನುವ ಅಮೆರಿಕದ ಕ್ಯಾಮೆರಾಮನ್ 1970ರ ದಶಕದಲ್ಲಿ ಮಾಡಿದ ಸ್ಟೆಡಿಕ್ಯಾಮ್‌ನಲ್ಲಿ ಇದಕ್ಕೆ ಅಂತಲೇ ಸ್ಪ್ರಿಂಗ್ ಹಾಕಿದ ಕೈ ಇದೆ. ಮೈಗೆ ಕವಚದಂಥದ್ದು ಕಟ್ಟಿಕೊಳ್ಳಬೇಕು, ಆ ಕೈಯನ್ನು ಕವಚಕ್ಕೆ ಸಿಕ್ಕಿಸಬೇಕು, ನಡೆಯುವವನ ಕುಲುಕಾಟವನ್ನೆಲ್ಲ ಸ್ಪ್ರಿಂಗೇ ನುಂಗುತ್ತದೆ. 1976ರ 'ಬೌಂಡ್ ಫಾರ್ ಗ್ಲೋರಿ' ಚಿತ್ರದಲ್ಲಿ ಆತ ಕ್ರೇನ್ ಮೇಲಿಂದ ಇಳಿದು ಹಾಗೇ ನಡೆಯುತ್ತಾ ಜನರ ಗುಂಪಿನೊಳಗೆ ಹೋದದ್ದು ಒಂದೇ ಶಾಟ್‌ನಲ್ಲಿದೆ.

ಸ್ಪ್ರಿಂಗ್ ಕೈ ನಮಗೆಲ್ಲಿಂದ ಬರಬೇಕು? ಮೊಣಕಾಲು ಕೊಂಚ ಬಗ್ಗಿಸಿ, ಹಿಮ್ಮಡಿ ಮೊದಲು ಊರಿ, ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡವರು ನೀರು ತುಳುಕದ ಹಾಗೆ ನಡೆಯುತ್ತಾರಲ್ಲ, ಹಾಗೆ ನಡೆಯುವುದನ್ನು ಕಲಿಯಬೇಕು. ನಿಮ್ಮ ಬರಹದಲ್ಲಿ ಈ ಒಂದು ಸಾಲಾದರೂ ಇರಬೇಕಿತ್ತು ಅಲ್ವಾ? ಓದಿದ ಹುಡುಗರು ಸಾಲ ಮಾಡಿ ಗಿಂಬಲ್ ತರುತ್ತಾರೆ ಸ್ವಾಮಿ.

ಮೊಬೈಲ್‌ನಲ್ಲಿ ತೆಗೆಯುವವರ ಕಷ್ಟ ಇನ್ನೊಂದು. ಅದು ತೀರಾ ಹಗುರ, ಕೈಯ ಸಣ್ಣ ನಡುಕವೂ ಚಿತ್ರದಲ್ಲಿ ಕಾಣುತ್ತದೆ. ನಾವು ಮೂರಡಿ ಅಡಿಕೆ ದಬ್ಬೆಯ (ಅಡಿಕೆ ಮರ ಸೀಳಿದ ಪಟ್ಟಿಯ) ನಡುವೆ ಮೊಬೈಲ್ ಕಟ್ಟಿ, ಎರಡು ತುದಿಗೂ ಒಂದೊಂದು ಕಲ್ಲು ಬಿಗಿದು ನೋಡಿದೆವು. ದೊಂಬರಾಟದವರು ಹಗ್ಗದ ಮೇಲೆ ಉದ್ದ ಕೋಲು ಹಿಡಿಯುವುದೂ ಇದಕ್ಕೇ. ಭಾರ ದೂರಕ್ಕೆ ಹೋದಷ್ಟೂ ಬೇಗ ವಾಲುವುದಿಲ್ಲ. ನೋಡಿದವರೆಲ್ಲ ನಕ್ಕರು. ಶಾಟ್ ಚೆನ್ನಾಗಿಯೇ ಬಂತು.

ಅಜ್ಜಿಯ ಶಾಟ್ ಕೊನೆಗೆ ತೆಗೆದದ್ದು ಟ್ರಾಲಿಯಲ್ಲಿ, ಅಂದರೆ ಹಳಿ ಮೇಲೆ ಉರುಳುವ ಹಲಗೆಗೆ ಕ್ಯಾಮೆರಾ ಕಟ್ಟಿ. ಪ್ಲೈವುಡ್ ಹಲಗೆ ಒಂದು, ಹಳೇ ಸ್ಕೇಟಿಂಗ್ ಬೂಟಿನಿಂದ ಬಿಚ್ಚಿದ ಚಕ್ರ ಎಂಟು. ಮೂಲೆಗೆ ಎರಡೆರಡು ಚಕ್ರ, ಎರಡೂ ಓರೆಯಾಗಿ ಹಳಿಯ ಪೈಪನ್ನು ಎರಡು ಕಡೆಯಿಂದ ತಬ್ಬಿಕೊಂಡಿರಬೇಕು, ಇಲ್ಲದಿದ್ದರೆ ಜಾರುತ್ತದೆ. ಶಿವಮೊಗ್ಗದಲ್ಲಿ ವೆಲ್ಡಿಂಗ್ ಮಾಡುವವರೊಬ್ಬರು ಅರ್ಧ ದಿನದಲ್ಲಿ ಮಾಡಿಕೊಟ್ಟರು, ಇದು ಯಾವ ಬೆಳೆಗೆ ಅಂತ ಬೇರೆ ಕೇಳಿದರು. ಹಳಿ ಅಂದರೆ ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ 20 ಅಡಿಯ ಎರಡು ಪೈಪ್. ಅದರ ಕೆಳಗೆ ದಬ್ಬೆ ಹಾಸಿ, ತಗ್ಗಿದ್ದಲ್ಲಿ ಬೆಣೆ ಹೊಡೆದು, ಗಾರೆಯವರ ಹತ್ತಿರ ರಸಮಟ್ಟ ಇಸ್ಕೊಂಡು ಮಟ್ಟ ನೋಡುವಷ್ಟರಲ್ಲಿ ಮೂರು ಗಂಟೆ ಹೋಯಿತು. ಉಂಬಳ (ಜಿಗಣೆ) ಹತ್ತಿದ್ದು ಎಣಿಸಲಿಲ್ಲ. ಮೊದಲ ಸಲ ಮಳೆಗೆ ಬೆಣೆ ಜಾರಿ ಟ್ರಾಲಿ ಬಸಿಗಾಲುವೆಗೆ ಬಿತ್ತು, ಪುಣ್ಯಕ್ಕೆ ಕ್ಯಾಮೆರಾ ಇನ್ನೂ ಕಟ್ಟಿರಲಿಲ್ಲ. ಸಂಕದ ಮೇಲೆ ಹಳಿ ಹಾಕಲು ಆಗಲಿಲ್ಲ. ಕ್ಯಾಮೆರಾ ಸಂಕದವರೆಗೆ ಹೋಗಿ ನಿಂತಿತು, ಅಜ್ಜಿ ಒಬ್ಬರೇ ದಾಟಿ ಹೋದರು. ನಾವು ಬರೆದುಕೊಂಡದ್ದಕ್ಕಿಂತ ಅದೇ ಚೆಂದ ಕಂಡಿತು.

ಶಂಕರ್ ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಆಗುಂಬೆಯಲ್ಲಿ ತೆಗೆದಾಗಿನಿಂದ ಈ ಕಡೆಗೆ ಶೂಟಿಂಗ್ ಹೊಸದಲ್ಲ. ಯೂನಿಟ್ ಲಾರಿ ಬರುತ್ತದೆ, ಟ್ರ್ಯಾಕು ಟ್ರಾಲಿ ಎಲ್ಲ ಇಳಿಯುತ್ತವೆ, ಕೆಲಸ ಮುಗಿದ ಮೇಲೆ ಅದೇ ಲಾರಿಯಲ್ಲಿ ವಾಪಸ್. ನಮ್ಮ ಹುಡುಗರು ಹಗ್ಗದಾಚೆ ನಿಂತು ನೋಡಿದ್ದಷ್ಟೇ. ಬೆಂಗಳೂರಿನಲ್ಲಿರುವ ಚಲನಚಿತ್ರ ಅಕಾಡೆಮಿಯವರು ಒಂದು ಸಲವಾದರೂ ಈ ಕಡೆ, ಅದೂ ಮಳೆಗಾಲದಲ್ಲಿ, ಕ್ಯಾಮೆರಾ ಶಿಬಿರ ಮಾಡಲಿ. ಶಿವಮೊಗ್ಗದ ಯಾವುದಾದರೂ ಕಾಲೇಜಿನಲ್ಲಿ ಒಂದು ಸೆಟ್ ಟ್ರ್ಯಾಕು ಟ್ರಾಲಿ ಇಟ್ಟು ಹೋದರೆ ಇನ್ನೂ ಒಳ್ಳೆಯದು. ಈ ಮಾತನ್ನು ನಿಮ್ಮ ಪತ್ರಿಕೆ ಅವರಿಗೆ ಮುಟ್ಟಿಸಬೇಕು.

ಅಲ್ಲಿಯವರೆಗೆ ನಮ್ಮ ಹಲಗೆ ಇದೆ, ಬೇಕಾದ ಹುಡುಗರು ಬಂದು ಸುಮ್ನೆ ಒಯ್ಯಬಹುದು, ಬಾಡಿಗೆ ಏನೂ ಬೇಡ. ಪೈಪ್ ಮಾತ್ರ ಜನವರಿಯಿಂದ ಮೇವರೆಗೆ ಸಿಗುವುದಿಲ್ಲ, ತೋಟಕ್ಕೆ ನೀರು ಬಿಡಬೇಕು.

— ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು